ನನ್ನ ಕಾರು, ಅವರ ಮಾತು

ಅವರು ತೀರಿಕೊಂಡ ಗಳಿಗೆಯಲ್ಲಿ ನನ್ನ ಕಾರಿನ ಹೆಡ್‌ಲೈಟುಗಳು ತಾವಾಗಿಯೇ ಕಣ್ಣು ತೆರೆದವು ಎಂದು ಬರೆಯುವ ಹಾಗಿದ್ದರೆ ಈ ಬರಹಕ್ಕೆ ಒಳ್ಳೆಯ ಆರಂಭ ಸಿಗುತ್ತಿತ್ತು. ಹಾಗೇನೂ ಆಗಲಿಲ್ಲ. ಸುದ್ದಿ ವಾಟ್ಸಾಪಿನಲ್ಲಿ ಬಂತು. ನಾನು ಸಿಂಗಪುರದ ಒನ್-ನಾರ್ತ್‌ನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಕಾರು ಬುಕಿತ್ ಪಂಜಾಂಗಿನ ನಮ್ಮ ಕಾಂಡೋದ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಮೀಟಿಂಗು ಮುಗಿಯುವವರೆಗೆ ಕೂತೇ ಇದ್ದೆ, ಆಮೇಲೆ ಹೋಗಿ ಮುಖ ತೊಳೆದುಕೊಂಡೆ. ದುಃಖವಾಗಿದ್ದು ನಿಜ. ಆದರೆ ದುಃಖದ ಮಗ್ಗುಲಲ್ಲೇ ಇನ್ನೊಂದು ಕೂತಿತ್ತು: ಇನ್ನು ಮೇಲೆ ಆ ಕಾರು ಪೂರ್ತಿ ನನ್ನದು ಎಂಬ ಸಮಾಧಾನ. ಇಂಥದ್ದನ್ನೆಲ್ಲ ಹೇಳಿಕೊಳ್ಳಬಾರದು, ಗೊತ್ತು. ಆದರೆ ಅವರ ಬಗ್ಗೆ ಬರೆಯಲು ಕೂತು ಇದನ್ನು ಬಿಟ್ಟರೆ ಉಳಿಯುವುದು ಬರೀ ಹೊಗಳಿಕೆ. ಹೊಗಳುವುದಕ್ಕೆ ಈಗ ಬೇಕಾದಷ್ಟು ಜನ ಇದ್ದಾರೆ.

ಹೆಸರು ಬರೆಯುವುದಿಲ್ಲ. ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು, ಅಷ್ಟು ಸಾಕು. ಉಡುಪಿಯ ಕಡೆಯವರು, ಮನೆಮಾತು ತುಳು. ಸೆಂಬವಾಂಗಿನ ಶಿಪ್‌ಯಾರ್ಡ್ ಒಂದರಲ್ಲಿ ಮೂವತ್ತು ವರ್ಷ ಹಡಗಿನ ಎಂಜಿನ್ನುಗಳನ್ನು ಬಿಚ್ಚಿ, ಕಟ್ಟಿ, ರಿಟೈರಾಗಿ, ಅಲ್ಲೇ ಹತ್ತಿರದ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಆಂಟಿಯ ಜೊತೆ ಇದ್ದರು. ಕುಳ್ಳಗಿನ ಆಳು. ಅರ್ಧ ತೋಳಿನ ಬಿಳಿ ಅಂಗಿ, ಅದರ ಜೇಬಿನಲ್ಲಿ ಪೆನ್ನಿನ ಬದಲು ಮಡಿಸಿಟ್ಟ ಒಂದು ಬಟ್ಟೆಯ ತುಂಡು. ಯಾರ ಮನೆಗೆ ಹೋದರೂ ಕೂರುವ ಮೊದಲು ಫ್ರಿಜ್ಜಿನ ಕಡೆಗೆ ಕಿವಿ ಹೊರಳಿಸಿ, "ಇದಕ್ಕೆ ಸ್ವಲ್ಪ ದಮ್ಮು ಉಂಟು ಮಾರಾಯ್ರೆ" ಎನ್ನುತ್ತಿದ್ದರು. ಮುಂದಿನ ತಿಂಗಳು ಆ ಫ್ರಿಜ್ಜು ಕೆಡುತ್ತಿತ್ತು. ಅವರಿಗೆ ಡಿಗ್ರಿ ಗಿಗ್ರಿ ಏನೂ ಇರಲಿಲ್ಲ. ನನಗೆ ಎರಡು ಇವೆ, ಎರಡೂ ಮೆಕ್ಯಾನಿಕಲ್.

ಕಾರಿನ ವಿಷಯವನ್ನೂ ಹೇಳಿಬಿಡುತ್ತೇನೆ. ರಬಕವಿಯಲ್ಲಿ ನಾನು ಕಟಿಂಗ್ ಮಾಡಿಸಿಕೊಳ್ಳುತ್ತಿದ್ದ ಸಲೂನಿನ ಗೋಡೆಯ ಮೇಲೆ ಒಂದು ಕೆಂಪು ಕಾರಿನ ಚಿತ್ರವಿತ್ತು. ಅಮೆರಿಕದ್ದು, ಛಾವಣಿ ಮಡಚಿಡುವಂಥದ್ದು, ಎರಡೇ ಸೀಟಿನದ್ದು. ಉದ್ದನೆಯ ಮೂತಿ, ನಡು ಸಣ್ಣ. ಆ ಚಿತ್ರ ನೋಡುವುದಕ್ಕೆಂದೇ ತಿಂಗಳಿಗೆ ಎರಡು ಸಲ ತಲೆಗೂದಲು ಕತ್ತರಿಸಿಕೊಂಡವನು ನಾನು. ಕಾಲೇಜಿಗೆ ಬಂದ ಮೇಲೆ ಅದರ ವಿವರಗಳನ್ನೆಲ್ಲ ಬಾಯಿಪಾಠ ಮಾಡಿದೆ. ವಿ ಆಕಾರದಲ್ಲಿ ಎಂಟು ಸಿಲಿಂಡರ್, ಐದು ಮುಕ್ಕಾಲು ಲೀಟರಿಗೆ ಸ್ವಲ್ಪ ಕಮ್ಮಿ. ನಾಲ್ಕು ಬಾಯಿಯ ಕಾರ್ಬುರೇಟರ್. ಮೈ ಫೈಬರಿನದು, ಅದಕ್ಕೆ ತುಕ್ಕಿಲ್ಲ. ಆದರೆ ಒಳಗಿನ ಚಾಸಿ ಕಬ್ಬಿಣದ್ದು, ಅದಕ್ಕೆ ಬೇಕಾದಷ್ಟು ತುಕ್ಕು. ಕಿಡಿ ಬೀಳುವ ಸರದಿ ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ಇದನ್ನು ನಾನು ಮಗ್ಗಿಯಂತೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಇಪ್ಪತ್ತೈದು ವರ್ಷ ಕಾದು, ಸಿಂಗಪುರದಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಮುದುಕನಿಂದ ಅದೇ ಕಾರನ್ನು ಕೊಂಡೆ. ಹೇಗೆ ಕೊಂಡೆ ಎಂಬುದು ನನಗೂ ನನ್ನ ಹೆಂಡತಿಗೂ ನಡುವಿನ ಹಳೆಯ ಜಗಳ, ಇಲ್ಲಿ ಬೇಡ. ಇಂಥ ಹಳೆಯ ಕಾರುಗಳನ್ನು ಇಲ್ಲಿ ವರ್ಷದಲ್ಲಿ ಎಣಿಸಿದಷ್ಟು ದಿನ ಮಾತ್ರ ರಸ್ತೆಗೆ ಇಳಿಸಬಹುದು. ನನ್ನದು ಆ ಎಣಿಸಿದ ದಿನಗಳಲ್ಲೂ ಅರ್ಧಕ್ಕರ್ಧ ದಿನ ಸ್ಟಾರ್ಟ್ ಆಗುತ್ತಿರಲಿಲ್ಲ.

ಅವರ ಪರಿಚಯವಾದದ್ದು ಹಾಗೆಯೇ. ಕನ್ನಡದವರ ಒಂದು ಪಾಟ್‌ಲಕ್ ಊಟಕ್ಕೆ ಠೀವಿಯಿಂದ ಕಾರಿನಲ್ಲಿ ಹೋಗಿದ್ದೆ. ಊಟ ಮುಗಿಸಿ ಹೊರಟರೆ ಕಾರು ಜಪ್ಪಯ್ಯ ಅನ್ನಲಿಲ್ಲ. ಕೀ ತಿರುಗಿಸಿದೆ, ಪೆಡಲು ತುಳಿದೆ, ಮತ್ತೆ ತಿರುಗಿಸಿದೆ. ಸುತ್ತ ಹತ್ತು ಜನ ಸೇರಿ ಹನ್ನೊಂದು ಸಲಹೆ ಕೊಟ್ಟರು. ಆಗ ಇವರು ಒಂದು ಕೈಯಲ್ಲಿ ಪೇಪರ್ ಕಪ್ಪಿನ ಪಾಯಸ ಹಿಡಿದುಕೊಂಡು ಬಂದರು.

"ಬಿಡಿ ಮಾರಾಯ್ರೆ, ಅದಕ್ಕೆ ಯಾಕೆ ಹಿಂಸೆ ಕೊಡ್ತೀರಿ? ಬಿಸಿಗೆ ಪೆಟ್ರೋಲ್ ಕುದ್ದು ಎಂಜಿನ್ನೊಳಗೆ ಇಳಿದಿದೆ. ಗಂಟಲಿಗೆ ನೀರು ಸಿಕ್ಕಿದ ಹಾಗೆ. ಸ್ವಲ್ಪ ಸುಮ್ಮನೆ ಬಿಡಿ."

ಪಾಯಸ ನಿಧಾನವಾಗಿ ಮುಗಿಸಿದರು. ಕಪ್ಪನ್ನು ಡಸ್ಟ್‌ಬಿನ್ನಿಗೆ ಹಾಕಿ ಬಂದರು. "ಈಗ ಪೆಡಲ್ ಪೂರ್ತಿ ಒತ್ತಿ ಹಿಡೀರಿ. ಪಂಪ್ ಮಾಡ್ಬೇಡಿ. ಹಾಂ, ಈಗ ಕೀ." ಕಾರು ಒಮ್ಮೆ ಕೆಮ್ಮಿ ಗುಡುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನಾನು ಇದನ್ನೇ ಪುಸ್ತಕದಲ್ಲಿ ಓದಿದ್ದೆ, ಯಾವ ಪುಟದ ಯಾವ ಮೂಲೆ ಎಂದು ಹೇಳಬಲ್ಲೆ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಮನೆಗೆ ಹೋಗುವ ದಾರಿಯಲ್ಲಿ ಹಾಗೆಂದು ಹೆಂಡತಿಗೆ ಮೂರು ಸಲ ಹೇಳಿದೆ. ಅವಳು ಜಮಖಂಡಿಯವಳು, ಮನೆಯೊಳಗೆ ಊರ ಮಾತು ಬಿಟ್ಟವಳಲ್ಲ.

"ಆತ್ ಬಿಡ್ರಿ, ನಿಮಗ ಗೊತ್ತಿತ್ತು. ಆದ್ರ ಕಾರಿಗೆ ಗೊತ್ತಿರ್ಲಿಲ್ಲ ನಿಮಗ ಗೊತ್ತೈತಿ ಅಂತ."

ಅಂದಿನಿಂದ ಭಾನುವಾರಗಳು ಅವರದಾದವು. ಬಸ್ಸು, ಎಂಆರ್‌ಟಿ ರೈಲು, ಕೊನೆಗೆ ಎಲ್‌ಆರ್‌ಟಿ ಎಂಬ ಪುಟ್ಟ ರೈಲು ಹಿಡಿದು ಬರುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಶಿಪ್‌ಯಾರ್ಡ್ ಕಾಲದ ಇಂಚಿನ ಸ್ಪ್ಯಾನರುಗಳು. ನಾನು ಅದಕ್ಕೂ ಮೊದಲೇ ಫಳಫಳ ಹೊಳೆಯುವ ಒಂದು ಸೆಟ್ಟು ತಂದಿಟ್ಟಿದ್ದೆ, ಮಿಲಿಮೀಟರಿನದು. ಆ ಕಾರಿನ ಯಾವ ಬೋಲ್ಟಿಗೂ ಅದು ಸರಿಯಾಗಿ ಕೂರುವುದಿಲ್ಲ. ಅವರು ಅದನ್ನು ತೆರೆದು ನೋಡಿ, "ಚಂದ ಉಂಟು" ಎಂದು ಹಾಗೆಯೇ ಮುಚ್ಚಿದರು. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಆ ಚೀಲದಲ್ಲಿ ಒಂದು ತೆಂಗಿನ ಚಿಪ್ಪಿನ ಸೌಟೂ ಇರುತ್ತಿತ್ತು. ಬಿದಿರಿನ ಹಿಡಿಯ, ಆಂಟಿಯ ಅಡುಗೆಮನೆಯ ಹಳೆಯ ಸೌಟು. ಓಡುತ್ತಿರುವ ಎಂಜಿನ್ನಿನ ಮೇಲೆ ಹಿಡಿಯ ತುದಿ ಇಟ್ಟು, ಚಿಪ್ಪನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ಸಲ ಎಂಜಿನ್ನಿನಿಂದ ಟಿಕ್ ಟಿಕ್ ಎಂಬ ಸದ್ದು ಬರಲು ಶುರುವಾಗಿತ್ತು. ನಾನು ಆಫೀಸಿನಲ್ಲಿ ಕೂತು ಎರಡು ವಾರ ಓದಿ, ವಾಲ್ವಿನ ಲಿಫ್ಟರು ಹೋಗಿದೆ, ಎಂಜಿನ್ ಬಿಚ್ಚಲೇಬೇಕು ಎಂದು ತೀರ್ಮಾನಕ್ಕೆ ಬಂದಿದ್ದೆ. ಅವರು ಸೌಟನ್ನು ಅಲ್ಲಿ ಇಲ್ಲಿ ಇಟ್ಟು, ಕಣ್ಣು ತೆರೆದು, ಹೊಗೆ ಹೋಗುವ ಪೈಪಿನ ಬುಡದಲ್ಲಿ ಒಂದು ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದರು. ಸದ್ದು ನಿಂತಿತು. "ಎಂಜಿನ್ ಬಿಚ್ಚುದು ಯಾವಾಗಲೂ ಉಂಟಲ್ಲ ಇಂಜಿನಿಯರ್ರೆ," ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಗೌರವಕ್ಕೋ ಗೇಲಿಗೋ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಈ ಕಾರಿನ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದ, ರಬ್ಬರ್ ನಳಿಗೆಗಳ ಮೂಲಕ, ಮೇಲೇಳುತ್ತವೆ. ಎಲ್ಲೋ ಒಂದು ಕಡೆ ನಳಿಗೆ ಬಿರಿದರೆ ಒಂದು ಎದ್ದು ಇನ್ನೊಂದು ಏಳುವುದಿಲ್ಲ, ಕಾರು ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಅವರು ಬಿರುಕು ಹುಡುಕಲು ನಳಿಗೆಯನ್ನು ಬಾಯಿಗಿಟ್ಟು ಹೀರಿದರು. ಮಲಗಿದ್ದ ಕಣ್ಣು ನಿಧಾನವಾಗಿ ಮೇಲೆ ಬಂತು. ಅವರು ಉಸಿರು ಬಿಟ್ಟರು, ಅದು ಕೆಳಗಿಳಿಯಿತು. ಮತ್ತೆ ಹೀರಿದರು, ಮತ್ತೆ ಎದ್ದಿತು. ಎಪ್ಪತ್ತರ ಹತ್ತಿರದ ಆ ಮನುಷ್ಯ ಮಕ್ಕಳ ಹಾಗೆ ನಕ್ಕರು. ಅಂದು ಅವರು ಮನೆಗೆ ಹೊರಟುಹೋದ ಮೇಲೆ ಯಾರೂ ಇಲ್ಲದಾಗ ನಾನೂ ಹೀರಿದೆ. ಬಾಯಿ ತುಂಬ ಐವತ್ತು ವರ್ಷದ ಹಳೆಯ ರಬ್ಬರಿನ ಪುಡಿ ಬಂತು. ಕಣ್ಣು ಮಿಸುಕಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು ಮಾತ್ರ ತುಳು. ನಮ್ಮೊಡನೆ ಕನ್ನಡ, ಸೆಕ್ಯೂರಿಟಿಯವನೊಡನೆ ಮಲಯ ಬೆರೆತ ಇಂಗ್ಲಿಷ್. ಆದರೆ ಬಾನೆಟ್ಟಿನೊಳಗೆ ತಲೆ ಹಾಕಿದರೆ ಅವರು ತುಳುವಿಗೆ ಹೊರಳುತ್ತಿದ್ದರು. "ದಾದ ಆಂಡ್ ಮಗಾ?" ಏನಾಯ್ತು ಮಗಾ ಎಂದರ್ಥವಂತೆ. ಗುಣುಗುಣು ಎಂದು ಏನೇನೋ ಮಾತು, ನಡುವೆ ಸಣ್ಣ ನಗು. ನನ್ನ ಕಾರಿನೊಡನೆ ನನಗೆ ಬಾರದ ಭಾಷೆಯಲ್ಲಿ ಇನ್ನೊಬ್ಬರು ಗುಟ್ಟು ಮಾತಾಡುವುದನ್ನು ಟಾರ್ಚು ಹಿಡಿದುಕೊಂಡು ಕೇಳುತ್ತ ನಿಲ್ಲಬೇಕಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಒಬ್ಬನೇ ಇದ್ದೇನೆಂದುಕೊಂಡು, ಬಾನೆಟ್ಟಿನೊಳಗೆ ಬಾಗಿ, ಆದಷ್ಟು ಮೃದುವಾಗಿ ನಾನೂ "ದಾದ ಆಂಡ್ ಮಗಾ" ಎಂದೆ. ಕೀ ತಿರುಗಿಸಿದೆ. ಏನೂ ಆಗಲಿಲ್ಲ. ಕಂಬದ ಹಿಂದಿನಿಂದ ಸೆಕ್ಯೂರಿಟಿಯವನು ತಲೆ ಅಲ್ಲಾಡಿಸುತ್ತ ಬಂದ.

"ಸರ್, ಯೂ ಕೆನಾಟ್ ಲಾ. ದಟ್ ಅಂಕಲ್ ಕ್ಯಾನ್."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬ್ಯಾಟರಿ ವೀಕು ಎಂದೆ.

ಅವರದ್ದೊಂದು ಮಾತಿತ್ತು. "ಗೇಜ್ ನೋಡುದು ಕೊನೆಗೆ. ಮೊದಲು ಮೂಗು, ಮತ್ತೆ ಕಿವಿ, ಮತ್ತೆ ಕೈ. ಮುಳ್ಳು ಹೇಳುವಾಗ ತಡ ಆಗಿರ್ತದೆ." ಕಾರಿನ ಗೇಜುಗಳ ಮೇಲೆ ಅವರಿಗೆ ಒಂದು ಚೂರೂ ನಂಬಿಕೆ ಇರಲಿಲ್ಲ. ನಾನು ನಂಬುವುದು ಗೇಜುಗಳನ್ನೇ. ಇನ್ನೊಂದು ವಿಷಯ: ಎರಡು ವರ್ಷದಲ್ಲಿ ಒಂದು ಸಲವೂ ಅವರು ಆ ಕಾರನ್ನು ಓಡಿಸುತ್ತೇನೆ ಎನ್ನಲಿಲ್ಲ. ಕೇಳಲಿ, ಇಲ್ಲ ಎನ್ನೋಣ ಎಂದು ನಾನು ಕಾದದ್ದೇ ಬಂತು. ಓಡಿಸಲಿಕ್ಕೆ ನಾನು, ಬದುಕಿಸಲಿಕ್ಕೆ ಅವರು.

ಆಯುಧಪೂಜೆಯ ಹೊತ್ತಿಗೆ ಅವರು ಕಾರ್ಬುರೇಟರನ್ನು ಪೂರ್ತಿ ಬಿಚ್ಚಿ, ತೊಳೆದು, ಕಟ್ಟಿದ್ದರು. ಕಾರು ಹಿಂದೆಂದೂ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಬೆಳಿಗ್ಗೆ ನಮ್ಮ ಬೇಸ್‌ಮೆಂಟಿನಲ್ಲಿ ಪೂಜೆ, ಮಧ್ಯಾಹ್ನ ಸೆಂಬವಾಂಗಿನ ಸಮುದ್ರದ ಬದಿಯ ಪಾರ್ಕಿನಲ್ಲಿ ಕನ್ನಡದ ಮನೆಗಳೆಲ್ಲ ಸೇರಿ ಊಟ ಎಂದು ನಿಗದಿಯಾಗಿತ್ತು. ಬೆಳಿಗ್ಗೆ ಎದ್ದು ಫೋನು ನೋಡಿದೆ. ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಗ್ರೂಪಿನಲ್ಲಿ ಹಾಕಿದ್ದರು: "ಅಂಕಲ್ ಅವರ ಕಾರು ಹನ್ನೆರಡಕ್ಕೆ ಬರುತ್ತದೆ. ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ಳಬಹುದು." ಅದರ ಕೆಳಗೆ ಇಪ್ಪತ್ತು ಜನ ಕೈಮುಗಿದಿದ್ದರು, ನನ್ನ ಹೆಂಡತಿಯೂ ಸೇರಿ.

"ಟೈಪ್ ಮಾಡೂವಾಗ ತಪ್ಪಿರ್ತೈತ್ರಿ," ಎಂದಳು ಅವಳು.

"ಇಲ್ಲ," ಎಂದೆ. "ತಪ್ಪಿಲ್ಲ."

ಅಂಕಲ್ ನಸುಕಿಗೇ ಸೆರಂಗೂನ್ ರೋಡಿಗೆ ಹೋಗಿ ಹೂವು ತಂದಿದ್ದರು. ಚೀಲದ ತುಂಬ ಚೆಂಡುಹೂವಿನ ದಪ್ಪ ಹಾರಗಳು, ಮಾವಿನೆಲೆಯ ಕಟ್ಟು, ಒಂದು ಬೂದುಗುಂಬಳ. ಸ್ಪ್ಯಾನರುಗಳನ್ನೂ ಸೌಟನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ನೆಲ ಕೊಳೆಯಾದರೆ ದಂಡ ಬೀಳುತ್ತದೆಂದು ಸೆಕ್ಯೂರಿಟಿಯವನು ಗೋಗರೆದದ್ದರಿಂದ ಕುಂಬಳವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಒಡೆದದ್ದಾಯಿತು. ಆಮೇಲೆ ಅವರು ಮಂಡಿಯೂರಿ ಕೂತು, ಕಾರಿನ ಮೂತಿಯ ಕೆಳಗೆ, ಈ ತುದಿಯಿಂದ ಆ ತುದಿಗೆ, ಮೂರು ಸಾಲು ಹಾರ ಬಿಗಿದರು. ಸಾಲುಗಳ ನಡುವೆ ಒಂದು ಸಂದೂ ಉಳಿಯದಂತೆ ಮಾವಿನೆಲೆ ಸಿಕ್ಕಿಸಿದರು.

ಈ ಕಾರಿನ ರೇಡಿಯೇಟರಿಗೆ ಗಾಳಿ ಹೋಗುವುದು ಮೂತಿಯ ಕೆಳಗಿನ ಆ ಬಾಯಿಂದ. ಮೊದಲೇ ಇಂಥ ಎಂಜಿನ್ನುಗಳಿಗೆ ಸಿಂಗಪುರದ ಸೆಕೆ ಆಗಿಬರುವುದಿಲ್ಲ, ಬಿಸಿಯಾಗುವುದೇ ಅವುಗಳ ದೊಡ್ಡ ಕಾಯಿಲೆ. ಆಫೀಸಿನಲ್ಲಿ ನನ್ನ ಕೆಲಸವೇ ಕಂಪ್ಯೂಟರಿನಲ್ಲಿ ಗಾಳಿಯ ಹರಿವಿನ ಲೆಕ್ಕ ಹಾಕುವುದು. ಆ ಹಾರ ನೋಡಿದೊಡನೆ ನನಗೆ ಎಲ್ಲ ಗೊತ್ತಾಯಿತು. ಅವರಿಗೆ ಯಾಕೆ ಗೊತ್ತಾಗಲಿಲ್ಲ ಎಂಬುದೂ ಆ ಕ್ಷಣವೇ ಗೊತ್ತಾಯಿತು: ಹಡಗಿನ ಎಂಜಿನ್ನನ್ನು ತಣಿಸುವುದು ಸಮುದ್ರದ ನೀರು. ಮೂವತ್ತು ವರ್ಷ ಗಾಳಿಯ ಚಿಂತೆಯೇ ಇಲ್ಲದೆ ಎಂಜಿನ್ ನೋಡಿದ ಮನುಷ್ಯ ಅವರು. ಅವರಿಗೆ ಗೊತ್ತಿಲ್ಲದ, ನನಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೊನೆಗೂ ಸಿಕ್ಕಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಾರಿನ ಮುಂದೆ ಕೈಮುಗಿದು, ಕಣ್ಣು ಮುಚ್ಚಿ, ತುಳುವಿನಲ್ಲಿ ಏನೋ ಹೇಳತೊಡಗಿದರು. ಬಾಯಿ ಮುಚ್ಚಿದೆ.

ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವವರ ಕತೆ ಕೇಳಿ ನಾನು ನಕ್ಕಿದ್ದೇನೆ. ಅಂದು ಕಾರು ನನ್ನದು, ಎಂಜಿನ್ ನನ್ನದು, ಸಲೂನಿನ ಗೋಡೆಯಿಂದ ಹಿಡಿದು ಇಪ್ಪತ್ತೈದು ವರ್ಷದ ಆಸೆ ನನ್ನದು. ಅದೆಲ್ಲ ಕುದಿದು ಹೋದರೂ ಸರಿ, ಅವರ ಮರ್ಯಾದೆ ಒಂದು ಸಲ ಕುದಿಯಬೇಕು ಎನಿಸಿತ್ತು. ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಹೆಂಡತಿ ಬೇರೆಯವರ ಜೊತೆ ಬರುವವಳಿದ್ದಳು. ಛಾವಣಿ ಮಡಚಿ ನಾವಿಬ್ಬರೇ ಹೊರಟೆವು. ಕಾರು ಅಮೆರಿಕದ್ದಾದ್ದರಿಂದ ಸ್ಟಿಯರಿಂಗ್ ಎಡಗಡೆ, ಅವರು ನನ್ನ ಬಲಕ್ಕೆ. ವುಡ್‌ಲ್ಯಾಂಡ್ಸ್ ರೋಡು ಮುಗಿದು ಮಂಡಾಯ್ ರೋಡಿಗೆ ತಿರುಗುವವರೆಗೆ ಏನೂ ಇಲ್ಲ. ಅವರು ಮಡಿಲಲ್ಲಿ ಚೀಲ ಇಟ್ಟುಕೊಂಡು, ಮರಗಳ ನೆರಳು ಮೇಲೆ ಹಾದುಹೋಗುವುದನ್ನು ನೋಡುತ್ತ ಸಂತೋಷವಾಗಿದ್ದರು. ಆಮೇಲೆ ಎಂಜಿನ್ನಿನ ಬಿಸಿ ತೋರಿಸುವ ಗೇಜಿನ ಮುಳ್ಳು ನಿಧಾನವಾಗಿ ಬಲಕ್ಕೆ ಸರಿಯತೊಡಗಿತು. ಒಂದು ಸಿಗ್ನಲಿನಲ್ಲಿ ಬಸ್ಸೊಂದರ ಹಿಂದೆ ನಿಂತಾಗ ಅವರ ಮೂಗು ಅರಳಿತು.

"ಎಂತದೋ ವಾಸನೆ ಬರ್ತಾ ಉಂಟಲ್ಲ ಇಂಜಿನಿಯರ್ರೆ. ಸಿಹಿ ಸಿಹಿ."

"ಮುಂದಿನ ಬಸ್ಸಿಂದು ಅಂಕಲ್. ಹೊಗೆ."

ಕುದಿಯತೊಡಗಿದ ರೇಡಿಯೇಟರಿನ ವಾಸನೆ ಅದು ಎಂದು ನನಗೆ ಗೊತ್ತಿತ್ತು. ಅವರು ಬಸ್ಸು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಸರಿ ಎಂದರು. ಅಲ್ಲಿಂದ ಪಾರ್ಕಿನವರೆಗೆ ಒಂದು ಮಾತೂ ಆಡಲಿಲ್ಲ.

ಕಾರ್ ಪಾರ್ಕಿನ ಬಾಗಿಲಲ್ಲಿ, ನಲವತ್ತು ಜನ ಫೋನು ಎತ್ತಿ ಹಿಡಿದು ನಿಂತಿದ್ದಾಗ, ಬಾನೆಟ್ಟಿನ ಎರಡೂ ಬದಿಯಿಂದ ಹಬೆ ಭುಸ್ಸೆಂದು ಎದ್ದಿತು. ಎಂಜಿನ್ ಒಮ್ಮೆ ಕಿರುಗುಟ್ಟಿ ನಿಂತಿತು. ಮಕ್ಕಳು ಕಿರುಚಿಕೊಂಡು ಹಿಂದಕ್ಕೆ ಓಡಿದರು. ಅಂಕಲ್ ಜೇಬಿನ ಬಟ್ಟೆ ಕೈಗೆ ಸುತ್ತಿಕೊಂಡು ಬಾನೆಟ್ ಎತ್ತಿದರು, ಮುಖಕ್ಕೆ ಹಬೆ ಬಡಿದು ಹಿಂದೆ ಸರಿದರು. ನಾನು ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, ಬಹಳ ವಿನಯದಿಂದ ಹೇಳಿದೆ: "ಅಂಕಲ್, ಹೂವು ಗಾಳಿಗೆ ಅಡ್ಡ ಆಗಿದೆ ನೋಡಿ. ರೇಡಿಯೇಟರ್ ಪೂರ್ತಿ ಮುಚ್ಚಿಬಿಟ್ಟಿದೀರಿ."

ಅವರು ಬಾಗಿ ನೋಡಿದರು. ಮಾವಿನೆಲೆಗಳು ಗಾಳಿಯ ಸೆಳೆತಕ್ಕೆ ಒಳಗೆ ಹೋಗಿ ರೇಡಿಯೇಟರಿಗೆ ಅಂಟಿ ಬೆಂದಿದ್ದವು. ಅವರು ಅಲ್ಲೇ ಕೂತು ಹಾರವನ್ನು ಬಿಚ್ಚಿ, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಎದ್ದು ನಿಂತು ಎಲ್ಲರ ಕಡೆ ತಿರುಗಿದರು.

"ತಪ್ಪು ನಂದು. ಹಡಗಿನವ ನಾನು, ಸಮುದ್ರದ ಮೇಲೆ ಇದ್ದವ. ಗಾಳಿಯ ಲೆಕ್ಕ ನನಗೆ ಬರುದಿಲ್ಲ. ಅದು ಇವರಿಗೆ ಬರ್ತದೆ."

ಸಿಲಿಂಡರಿನ ಮೇಲಿನ ಹೆಡ್ಡು ಬಿಸಿಗೆ ಸೊಟ್ಟಗಾಗಿತ್ತು. ಕಾರು ಏಳೆಂಟು ತಿಂಗಳು ಒಂದು ವರ್ಕ್‌ಶಾಪಿನಲ್ಲಿ ಕೂತಿತು. ಅಂಕಲ್ ಮಂಡಿ ನೋವು ಎಂದು ಭಾನುವಾರ ಬರುವುದು ಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಇವರದ್ದು ಹೂವಿಗೆ ಹೋಗಿತ್ತು. ಮಿಕ್ಸಿ ಕೆಟ್ಟರೆ, ವಾಷಿಂಗ್ ಮೆಷೀನು ಗಡಗಡ ಅಂದರೆ ಅವರಿಗೆ ಫೋನು ಮಾಡುತ್ತಿದ್ದವರು ಈಗ ಆ್ಯಪಿನಲ್ಲಿ ಬುಕ್ ಮಾಡತೊಡಗಿದರು. "ಅಂಕಲ್‌ಗೆ ವಯಸ್ಸಾಯ್ತು, ಕಾರನ್ನೇ ಬೇಯಿಸಿಬಿಟ್ರು" ಎಂಬುದು ಊಟದ ಹೊತ್ತಿನ ಜೋಕಾಯಿತು. ಅವರೂ ಆ ಜೋಕಿಗೆ ನಗುತ್ತಿದ್ದರು. ಆದರೆ ಯಾರ ಮನೆಗೆ ಹೋದರೂ ಫ್ರಿಜ್ಜಿನ ಕಡೆ ಕಿವಿ ಹೊರಳಿಸುವುದನ್ನು ನಿಲ್ಲಿಸಿದರು. ಅದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ನಾನು ಮೊದಲೇ ನೋಡಿದ್ದೆ, ಬೇಕೆಂದೇ ಸುಮ್ಮನಿದ್ದೆ ಎಂಬ ಒಂದೇ ವಾಕ್ಯ ಸಾಕಿತ್ತು ಅವರ ಕಿವಿಯನ್ನು ಅವರಿಗೆ ವಾಪಸು ಕೊಡಲು. ಹೇಳಲಿಲ್ಲ. ಕಾರು ವಾಪಸು ಬಂತು, ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಗ್ರೂಪಿನಲ್ಲಿ ಈಗ ಎಲ್ಲರೂ "ನಿಮ್ಮ ಕಾರು" ಎಂದೇ ಬರೆಯುತ್ತಿದ್ದರು.

ಅವರು ಹೋದ ಮೇಲೆ ಒಂದು ಸಭಾಂಗಣದಲ್ಲಿ ಸಂತಾಪಕ್ಕೆ ಸೇರಿದ್ದೆವು. ಒಬ್ಬರು ಎದ್ದು ನಿಂತು ನನ್ನ ಕಡೆ ಕೈ ತೋರಿಸಿ ಹೇಳಿದರು: "ಇವರ ದೊಡ್ಡ ಮನಸ್ಸು ನೋಡಿ. ಅಂಥ ಕಾರನ್ನು ಹಾಳು ಮಾಡಿದ್ರೂ ಅಂಕಲ್‌ನ ಕೊನೆವರೆಗೂ ಹೋಗಿ ನೋಡಿಕೊಂಡು ಬಂದ್ರು." ನನ್ನ ಹೆಂಡತಿ ತಲೆ ತಗ್ಗಿಸಿಕೊಂಡಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಅವಳು ಏನೂ ಕೇಳಿರಲಿಲ್ಲ. ಅಂದು ನಾನೂ ಎದ್ದು ನಿಂತು ನಿಜ ಹೇಳಬಹುದಿತ್ತು. ಮೈಕು ನನ್ನ ಕೈಗೇ ಬಂದಿತ್ತು. ಅವರು ಬಹಳ ಒಳ್ಳೆಯವರು ಎಂದು ಹೇಳಿ ಪಕ್ಕದವರಿಗೆ ದಾಟಿಸಿದೆ.

ಕೊನೆವರೆಗೂ ಹೋಗಿ ನೋಡಿದ್ದು ಎಂದರೆ ಒಂದೇ ಸಲ, ಅವರು ಹೋಗುವ ಎರಡು ತಿಂಗಳ ಮೊದಲು. ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಿದ್ದರು. ವರ್ಷದ ಎಣಿಸಿದ ದಿನಗಳಲ್ಲಿ ಒಂದನ್ನು ಖರ್ಚು ಮಾಡಿ ಕಾರಿನಲ್ಲೇ ಸೆಂಬವಾಂಗಿಗೆ ಹೋದೆ. ಯಾಕೆ ಕಾರಿನಲ್ಲಿ ಹೋದೆ ಎಂದು ಕೇಳಿದರೆ, ಅದು ಅವರಿಲ್ಲದೆಯೂ ಓಡುತ್ತದೆ ಎಂದು ತೋರಿಸುವುದಕ್ಕೆ. ತಪ್ಪು ಒಪ್ಪಿಕೊಳ್ಳಲು ಹೊರಟವನ ಬುದ್ಧಿಯೂ ಹೀಗಿತ್ತು. ಆಂಟಿ ಬಾಗಿಲು ತೆರೆದರು. ಸೌಟು ಅಡುಗೆಮನೆಯ ಗೋಡೆಗೆ ವಾಪಸು ಹೋಗಿ ತೂಗುತ್ತಿತ್ತು. ಅವರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದರು, ಅಂಗಿ ಮೈಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಆಂಟಿ ಕಾಫಿ ಮಾಡಲು ಒಳಗೆ ಹೋದಾಗ ಶುರು ಮಾಡಿದೆ.

"ಅಂಕಲ್, ಆವತ್ತಿನ ಹೂವಿನ ಹಾರ..."

ಅವರು ಕೈ ಎತ್ತಿದರು. "ಬಸ್ಸು ಕರೆಂಟಿಂದು ಮಾರಾಯ್ರೆ."

ನನಗೆ ಅರ್ಥವಾಗಲಿಲ್ಲ.

"ಮಂಡಾಯ್ ರೋಡಲ್ಲಿ ಮುಂದೆ ಇದ್ದ ಬಸ್ಸು. ಬ್ಯಾಟರಿ ಬಸ್ಸು. ಶಬ್ದವೇ ಇರ್ಲಿಲ್ಲ ಅದಕ್ಕೆ. ಹೊಗೆ ಎಲ್ಲಿಂದ ಬರ್ಬೇಕು?" ಸ್ವಲ್ಪ ಹೊತ್ತು ದಮ್ಮು ತೆಗೆದುಕೊಂಡರು. "ಹೂ ಕಟ್ಟಿದ್ದು ನನ್ನ ತಪ್ಪೇ. ಅದು ನನಗೆ ಗೊತ್ತಾಗ್ಲಿಲ್ಲ. ಆದ್ರೆ ನಿಮಗೆ ಏನೋ ಗೊತ್ತುಂಟು ಅಂತ ಅಲ್ಲಿ ಗೊತ್ತಾಯ್ತು. ನಾನು ಗೇಜ್ ನೋಡುವವ ಅಲ್ಲವಲ್ಲ, ನಿಮ್ಮ ಮುಖ ನೋ‌ಡ್ತಾ ಇದ್ದೆ."

"ಮತ್ತೆ ನಿಲ್ಲಿಸಿ ಅಂತ ಯಾಕೆ ಹೇಳ್ಲಿಲ್ಲ ಅಂಕಲ್?"

"ಕಾರು ನಿಮ್ಮದು. ನಿಲ್ಲಿಸುದು ನೀವೇ ಅಲ್ವಾ?" ಎಂದರು. "ಎರಡು ವರ್ಷ ನಾನು ಅದನ್ನು ಮರೆತಿದ್ದೆ. ನೀವು ನೆನಪು ಮಾಡಿದ್ರಿ. ಸ್ವಲ್ಪ ಜೋರಾಗಿ ಮಾಡಿದ್ರಿ, ಅಷ್ಟೇ."

ಕಾಫಿ ಬಂತು. ಕುಡಿದೆ. ಕ್ಷಮಿಸಿ ಎನ್ನಬೇಕು ಎಂದು ಬಂದವನಿಗೆ ಆ ಮಾತೇ ಬರಲಿಲ್ಲ. ಅದರ ಬದಲು ಮೈಯೆಲ್ಲ ಉರಿಯಿತು. ಎಲ್ಲ ತಿಳಿದೂ ನಲವತ್ತು ಜನರೆದುರು ತಪ್ಪು ಹೊತ್ತುಕೊಂಡು, ವರ್ಷವಿಡೀ ಆ ಜೋಕಿಗೆ ನಗುತ್ತ ಕೂತಿದ್ದ ಈ ಮನುಷ್ಯ ಒಳ್ಳೆಯತನದಲ್ಲೂ ನನಗಿಂತ ಮುಂದಿದ್ದರು. ಇದೊಂದರಲ್ಲಾದರೂ ಬಿಟ್ಟುಕೊಡಬಾರದಿತ್ತೇ ಎನಿಸಿತು. ಹೊರಡುತ್ತೇನೆ ಎಂದು ಎದ್ದೆ.

ಕೆಳಗೆ ಬಂದು ಕಾರಿನಲ್ಲಿ ಕೂತೆ. ಒಂಬತ್ತನೇ ಮಹಡಿಯ ಕಿಟಕಿಯಲ್ಲಿ ಬಿಳಿ ಅಂಗಿ ಕಾಣುತ್ತಿತ್ತು. ಕೀ ತಿರುಗಿಸಿದೆ, ಮೊದಲ ಸಲಕ್ಕೇ ಹತ್ತಿಕೊಂಡಿತು. ನೋಡಲಿ ಎಂದು ಪೆಡಲನ್ನು ಎರಡು ಸಲ ಜೋರಾಗಿ ಒತ್ತಿದೆ. ಅಂಗಳದ ಮೈನಾಗಳು ಹಾರಿದವು. ಗೇರ್ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು, ಅವರದ್ದೇ.

"ಇಂಜಿನಿಯರ್ರೆ, ಒಂದು ಸಿಲಿಂಡರ್ ತಪ್ಪುತ್ತಾ ಉಂಟು. ಏಳನೇದು ಇರ್ಬೇಕು. ಹಿಂದಿನ ಮೂಲೆ ಅಲ್ವಾ, ಅಲ್ಲಿಗೆ ಯಾರ ಕೈಯೂ ಸರಿಯಾಗಿ ಹೋಗುದಿಲ್ಲ, ವರ್ಕ್‌ಶಾಪಿನವರು ಪ್ಲಗ್ಗಿನ ವಯರ್ ಸಡಿಲ ಬಿಟ್ಟಿರ್ತಾರೆ. ನೀವೇ ನೋಡಿ."

ಇಲ್ಲ, ಸರಿಯಾಗಿದೆ ಎಂದೆ. ಸರಿಯಾಗಿಯೇ ಇತ್ತು, ನನ್ನ ಕಿವಿಗೆ. ಬೇಸ್‌ಮೆಂಟಿಗೆ ಬಂದು ಬಾನೆಟ್ ಎತ್ತಿ, ಅಂಗಿ ಬಿಚ್ಚಿ, ಮೊಣಕೈ ತರಚಿಕೊಂಡು ಹಿಂದಿನ ಮೂಲೆಗೆ ಕೈ ತೂರಿಸಿದೆ. ಏಳನೆಯ ಪ್ಲಗ್ಗಿನ ವಯರು ಕೂತಂತೆ ಕಾಣುತ್ತಿತ್ತು, ಕೂತಿರಲಿಲ್ಲ. ಒತ್ತಿದೆ, ಟಪ್ಪೆಂದು ಕೂತಿತು. ಎಂಜಿನ್ ಸ್ಟಾರ್ಟ್ ಮಾಡಿದೆ. ಹೊಸ ಸದ್ದೇನೂ ಕೇಳಲಿಲ್ಲ. ಆದರೆ ಸೀಟಿನ ಕೆಳಗೆ, ಕಾರು ವರ್ಕ್‌ಶಾಪಿನಿಂದ ಬಂದಾಗಿನಿಂದ ನಾನು ಅದರ ಗುಣವೆಂದೇ ತಿಳಿದಿದ್ದ ಒಂದು ನಡುಕ ನಿಂತುಹೋಗಿತ್ತು.

ಅವರಿಗೆ ಫೋನು ಮಾಡಿ ಹೌದು, ಏಳನೆಯದೇ ಎಂದು ಹೇಳಬೇಕಿತ್ತು. ಎರಡು ತಿಂಗಳು ಸಮಯವಿತ್ತು. ಹೇಳಲಿಲ್ಲ.